ಕೃತಕ ಕೈ ಒಗ್ಗಬೇಕೆ? ಮೊದಲು ಸಾಕ್ಸ್ ಸರಿಮಾಡಿಕೊಳ್ಳಿ

ಒಕ್ಕಣೆ ಯಂತ್ರಕ್ಕೋ ಪವರ್ ಪ್ರೆಸ್ಸಿಗೋ ಸಿಕ್ಕಿ, ಇಲ್ಲವೇ ಹೈಟೆನ್ಷನ್ ತಂತಿ ತಗುಲಿ ಕೈ ಕಳೆದುಕೊಂಡವರು ತಿಂಗಳುಗಟ್ಟಲೆ ಓಡಾಡಿ ಕೃತಕ ಕೈ ಪಡೆಯುತ್ತಾರೆ. ಆಮೇಲೆ ಅದು ಜಾರುತ್ತದೆ, ಉಜ್ಜುತ್ತದೆ ಎಂದು ಅಟ್ಟಕ್ಕೆ ಸೇರಿಸಿಬಿಡುವುದುಂಟು. ಎಷ್ಟೋ ಸಲ ದೋಷ ಕೈಯದಾಗಿರುವುದಿಲ್ಲ, ಚರ್ಮಕ್ಕೂ, ತೋಳು ಕೂರುವ ಟೊಳ್ಳು ಭಾಗವಾದ ಸಾಕೆಟ್‌ಗೂ ನಡುವಿನ ಸಾಕ್ಸ್‌ನದಾಗಿರುತ್ತದೆ. ಪಟ್ಟಿ ಮತ್ತು ಕೇಬಲ್‌ನಿಂದ ನಡೆಯುವ ಕೈ ಧರಿಸುವವರಿಗೂ ಅವರ ಮನೆಯವರಿಗೂ ಈ ಸೂತ್ರಗಳು.

1. ಯಾವ ಸಾಕ್ಸ್ ಎಂದು ಕೇಳಿ ತಿಳಿಯಿರಿ. ಊತ ಇಳಿಸುವ ಬಿಗಿಯಾದ ಶ್ರಿಂಕರ್ ಬೇರೆ, ಸಾಕೆಟ್‌ನೊಳಗೆ ಹಾಕುವ ಸಾಕ್ಸ್ ಬೇರೆ. ಶ್ರಿಂಕರ್ ಇರುವುದು ಕೃತಕ ಕೈ ಕಳಚಿಟ್ಟ ಹೊತ್ತಿಗೆ. ಕಾಲಿನ ಮಾಮೂಲಿ ಸಾಕ್ಸ್ ಕತ್ತರಿಸಿ ಹಾಕಬೇಡಿ. ಅದರ ಹೊಲಿಗೆಯೂ ಎಲಾಸ್ಟಿಕ್ಕೂ ಚರ್ಮವನ್ನು ಒತ್ತುತ್ತವೆ.

2. ಅಳತೆ ನೋಡಿ. ಸ್ಟಂಪ್‌ನ, ಅಂದರೆ ಉಳಿದ ತೋಳಿನ, ತುದಿ ಸಾಕ್ಸ್‌ನ ತಳಕ್ಕೆ ತಾಗಬೇಕು. ಮೇಲಂಚು ಸಾಕೆಟ್‌ನ ಬಾಯಿಯಿಂದ ಒಂದೆರಡು ಬೆರಳಗಲ ಹೊರಗಿರಲಿ. ಸಡಿಲವಾದರೆ ಸುಕ್ಕು ಬೀಳುತ್ತದೆ. ಬಿಗಿಯಾದರೆ ಅಂಚು ಸುರುಳಿ ಸುತ್ತಿ, ದಾರ ಬಿಗಿದಂತೆ ತೋಳನ್ನು ಹಿಡಿಯುತ್ತದೆ.

3. ಪ್ಲೈ ಲೆಕ್ಕ ನೀವೇ ಕಲಿಯಿರಿ. ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದು. ಪ್ಲೈ ಎಂದರೆ ಸಾಕ್ಸ್‌ನ ದಪ್ಪ. 1, 3, 5 ಪ್ಲೈಗಳವು ಸಾಮಾನ್ಯವಾಗಿ ಸಿಗುತ್ತವೆ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಸ್ಟಂಪ್ ಸಣ್ಣಗಾಗುತ್ತಾ ಹೋಗುತ್ತದೆ. ಬಳಿಕವೂ ಮೈತೂಕ, ಸೆಕೆ, ದಿನದ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಬೆಳಗಿನ ಲೆಕ್ಕ ಮಧ್ಯಾಹ್ನಕ್ಕೆ ಸರಿಹೋಗಲೇಬೇಕೆಂದಿಲ್ಲ.

ಧರಿಸಿದ ಮೇಲೆ ಮೊಣಕೈ ಮಡಚಿ, ಚಾಚಿ, ಹಗುರವಾದ ಚೀಲವೊಂದನ್ನು ಎತ್ತಿ ನೋಡಿ. ಸಾಕೆಟ್ ಕೆಳಕ್ಕೆ ಜಗ್ಗಿದರೆ, ತಿರುಗಿದರೆ, ಕೇಬಲ್ ಎಳೆದಾಗ ಸ್ಟಂಪ್ ಒಳಗೆ ಅಲ್ಲಾಡಿದರೆ ಒಂದು ಪ್ಲೈ ಸೇರಿಸಿ. ತುದಿ ಪೂರ್ತಿ ಒಳಗೆ ಕೂರದಿದ್ದರೆ, ಮಡಚುವುದು ಕಷ್ಟವಾದರೆ, ಜೋಮು ಹಿಡಿದರೆ ಕಡಿಮೆ ಮಾಡಿ. ಕೃತಕ ಕಾಲು ಹಾಕುವ ಗೆಳೆಯರ ಲೆಕ್ಕವನ್ನು ಹಾಗೇ ತೆಗೆದುಕೊಳ್ಳಬೇಡಿ. ಅವರ ಮೈಭಾರ ಸಾಕೆಟ್‌ನೊಳಕ್ಕೆ ಒತ್ತುತ್ತದೆ. ನೀವು ಎತ್ತುವ ಭಾರ ಸಾಕೆಟ್ಟನ್ನು ಹೊರಕ್ಕೆ ಎಳೆಯುತ್ತದೆ. ಮೊಣಕೈಯ ಎಲುಬನ್ನು ಕಚ್ಚಿ ನಿಲ್ಲುವ ಸಾಕೆಟ್ ಆಗಿದ್ದರಂತೂ ದಪ್ಪ ಸಾಕ್ಸ್ ಆ ಹಿಡಿತವನ್ನೇ ಕೆಡಿಸುತ್ತದೆ.

4. ಒಂದೇ ಕೈಯಲ್ಲಿ ಹಾಕುವ ಅಭ್ಯಾಸ ಮಾಡಿ. ಸಾಕ್ಸನ್ನು ತಳದವರೆಗೆ ಸುರುಳಿ ಸುತ್ತಿಕೊಳ್ಳಿ. ತಳವನ್ನು ಸ್ಟಂಪ್‌ನ ತುದಿಗಿಟ್ಟು, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಬಾಯಿ ಅಗಲಿಸುತ್ತಾ ಮೇಲಕ್ಕೆ ಬಿಚ್ಚಿಕೊಂಡು ಹೋಗಿ. ಹೊಲಿಗೆ ಹೊರಮುಖವಾಗಿರಲಿ, ಶಸ್ತ್ರಚಿಕಿತ್ಸೆಯ ಕಲೆಯ ಮೇಲೆ ಬರದಿರಲಿ. ಅಂಗೈಯಿಂದ ಸವರಿ ಸುಕ್ಕು ತೆಗೆಯಿರಿ. ಒಂದು ಸಣ್ಣ ಸುಕ್ಕು ಸಂಜೆಯೊಳಗೆ ಗುಳ್ಳೆ ಎಬ್ಬಿಸಬಲ್ಲದು. ಆಮೇಲೆ ಕೃತಕ ಕೈಯನ್ನು ಮೇಜಿಗೆ ಒತ್ತಿ ಹಿಡಿದು ಸ್ಟಂಪನ್ನು ಒಳಗೆ ತೂರಿಸಿ.

ಹಲ್ಲಿನಿಂದ ಎಳೆಯುವ ಬದಲು ಮೇಲಂಚಿಗೆ ಬಟ್ಟೆಪಟ್ಟಿಯ ಕುಣಿಕೆ ಹೊಲಿಸಿಕೊಳ್ಳಿ. ಎರಡೂ ಕೈ ಕಳೆದುಕೊಂಡವರಿಗೆ ಕುಣಿಕೆಗಳು ಇನ್ನೂ ಅಗತ್ಯ. ಮನೆಯವರಲ್ಲಿ ಒಂದು ಮಾತು: ತಡವಾದರೂ ಅವರೇ ಹಾಕಿಕೊಳ್ಳಲಿ, ಕೇಳಿದಾಗ ಮಾತ್ರ ಕೈಜೋಡಿಸಿ.

5. ಸ್ನಾಯುಗಳ ವಿದ್ಯುತ್ ಸಂಕೇತದಿಂದ ನಡೆಯುವ ಮಯೋಎಲೆಕ್ಟ್ರಿಕ್ ಕೈಗೆ ನಿಯಮವೇ ಬೇರೆ. ಅದರ ಎಲೆಕ್ಟ್ರೋಡ್‌ಗಳು ಚರ್ಮಕ್ಕೆ ತಾಗಲೇಬೇಕು, ನಡುವೆ ಬಟ್ಟೆ ಕೂಡದು. ಸ್ಟಂಪನ್ನು ಒಳಗೆಳೆಯಲು ತೆಳುವಾದ ಸಾಕ್ಸ್ ಕೊಟ್ಟಿದ್ದರೆ, ಅದನ್ನು ಸಾಕೆಟ್‌ನ ರಂಧ್ರದಿಂದ ಪೂರ್ತಿ ಹೊರಗೆ ಎಳೆದುಬಿಡಿ.

6. ಪಟ್ಟಿಯ ಕೆಳಗೆ ತೋಳಿರುವ ಹತ್ತಿ ಬನಿಯನ್ ಹಾಕಿ. ಪಟ್ಟಿ ಇನ್ನೊಂದು ಕಂಕುಳಲ್ಲಿ ಉಜ್ಜುವುದು ತಪ್ಪುತ್ತದೆ.

7. ಕಳಚಿದಾಗಲೆಲ್ಲ ಚರ್ಮ ನೋಡಿ. ಶುರುವಿಗೆ ಕೈಯನ್ನು 15ರಿಂದ 30 ನಿಮಿಷ ಧರಿಸಿದರೆ ಸಾಕು. ನಿಧಾನವಾಗಿ ಹೊತ್ತು ಹೆಚ್ಚಿಸಿ. ಕೆಂಪು ಗುರುತು 20 ನಿಮಿಷವಾದರೂ ಮಾಯವಾಗದಿದ್ದರೆ, ಗುಳ್ಳೆ ಎದ್ದರೆ ಧರಿಸುವುದನ್ನು ನಿಲ್ಲಿಸಿ ತಜ್ಞರಿಗೆ ತೋರಿಸಿ. ಹಿಂಬದಿ ಕಾಣಲು ಕನ್ನಡಿ ಬೇಕು. ಸ್ಪರ್ಶ ಮಂಕಾಗಿದ್ದವರು ಚರ್ಮ ನೋಡುವುದನ್ನು ಒಂದು ದಿನವೂ ಬಿಡಬಾರದು.

8. ದಿನಾ ಒಗೆದ ಸಾಕ್ಸ್ ಹಾಕಿ. ಸೌಮ್ಯ ಸೋಪು ಸಾಕು, ಆದರೆ ನೊರೆ ಪೂರ್ತಿ ಹೋಗಬೇಕು. ಉಣ್ಣೆಯದನ್ನು ತಣ್ಣೀರಲ್ಲಿ ಒಗೆದು, ಹಿಂಡದೆ, ನೆರಳಲ್ಲಿ ಹಾಸಿ ಒಣಗಿಸಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನಕ್ಕೊಮ್ಮೆ ಬದಲಿಸಿ. ಚೀಲದಲ್ಲಿ ಬದಲಿ ಸಾಕ್ಸ್ ಒಂದಿರಲಿ. ಹರಿದದ್ದಕ್ಕೆ ತೇಪೆ ಹಾಕಬೇಡಿ, ಹೊಸದು ತನ್ನಿ. ಸ್ಟಂಪನ್ನು ರಾತ್ರಿ ತೊಳೆಯುವುದು ಒಳ್ಳೆಯದು. ಒದ್ದೆ ಚರ್ಮದ ಮೇಲೆ ಸಾಕ್ಸ್ ಬೇಡ.

9. ಸಾಕ್ಸ್ ಮೇಲೆ ಸಾಕ್ಸ್ ಹಾಕಿ ದೂಡಬೇಡಿ. ಪದರಗಳು ಏರುತ್ತಲೇ ಹೋದರೆ ಸಾಕೆಟ್ ದೊಡ್ಡದಾಗಿದೆ ಎಂದೇ ಅರ್ಥ. ಅದನ್ನು ಸರಿಪಡಿಸಬೇಕು, ಇಲ್ಲವೇ ಹೊಸದು ಮಾಡಿಸಬೇಕು. ಕೈ ಕೊಟ್ಟ ಕೇಂದ್ರಕ್ಕೆ ಮತ್ತೆ ಹೋಗಲು ಸಂಕೋಚ ಬೇಡ. ಬೆಂಗಳೂರಿನ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಈ ಕೆಲಸ ಮಾಡುತ್ತವೆ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ 1981ರಿಂದಲೂ ಇದೆ. ಶಿಬಿರದಲ್ಲಿ ಕೈ ಪಡೆಯುವವರು ಅದೇ ದಿನ ಬೇರೆ ಬೇರೆ ಪ್ಲೈಯ ಸಾಕ್ಸ್‌ಗಳನ್ನೂ ಕೇಳಿ ಪಡೆಯಿರಿ. ಹಾಕುವ ಕ್ರಮವನ್ನು ಅಲ್ಲೇ ಎರಡು ಸಲ ಮಾಡಿ ತೋರಿಸಿ, ಸರಿಯಾಗಿದೆ ಎನಿಸಿಕೊಂಡೇ ಮನೆಗೆ ಹೊರಡಿ.