ಮೂರು ಬೀಜ್, ಒಂದು ಹಾಲ್

ಪ್ರಶ್ನೆ: ದೀಪಾವಳಿಯೊಳಗೆ ನಮ್ಮ ಹಳೆಯ ಮನೆಗೆ ಬಣ್ಣ ಹೊಡೆಸಬೇಕು. ಹಾಲ್‌ಗೆ ಬೀಜ್ ಎಂದು ಎಲ್ಲರೂ ಒಪ್ಪಿದ್ದೇವೆ. ಆದರೆ ಶೇಡ್ ಕಾರ್ಡ್‌ನಲ್ಲಿ ಆರಿಸಿಟ್ಟ ಮೂರೂ ನನಗೆ ಒಂದೇ ಥರ ಕಾಣುತ್ತವೆ. ಯಜಮಾನರು ಒಂದು ಅಂತಾರೆ, ಅತ್ತೆ ಇನ್ನೊಂದು ಅಂತಾರೆ. ಪೇಂಟರ್ ಅವಸರ ಮಾಡುತ್ತಿದ್ದಾರೆ. ನೆಲ ರೆಡ್ ಆಕ್ಸೈಡ್. ತಪ್ಪಾದರೆ ವರ್ಷಗಟ್ಟಲೆ ಅದನ್ನೇ ನೋಡಬೇಕಲ್ಲ ಎಂದು ನಿದ್ದೆ ಬರುತ್ತಿಲ್ಲ.
– ಗೃಹಿಣಿ, ಧಾರವಾಡ

ಉತ್ತರ: ನಿಮ್ಮ ಕಣ್ಣಿನಲ್ಲಿ ದೋಷವಿಲ್ಲಮ್ಮ, ಕಾರ್ಡಿನ ಚೂರು ತೀರಾ ಚಿಕ್ಕದು. ಮೂರನ್ನೂ ಅಚ್ಚಬಿಳಿ ಹಾಳೆಯ ಮೇಲೆ ಒತ್ತಟ್ಟಿಗಿಟ್ಟು ನೋಡಿ. ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ಹಳದಿ, ಮತ್ತೊಂದರಲ್ಲಿ ಹಸಿರು ಇಣುಕೀತು. ಬೀಜ್‌ಗಳ ವ್ಯತ್ಯಾಸವೆಲ್ಲ ಈ ಒಳಛಾಯೆಯಲ್ಲೇ ಇರುತ್ತದೆ.

ನಿಮ್ಮ ಮನೆಯಲ್ಲಿ ನಿರ್ಣಾಯಕವಾದದ್ದು ನೆಲ. ಬಿಸಿಲು ಕೆಂಪು ನೆಲಕ್ಕೆ ತಾಗಿ ಗೋಡೆಗೆ ಚಿಮ್ಮಿದರೆ ಗುಲಾಬಿ ಛಾಯೆ ಇನ್ನಷ್ಟು ಏರುತ್ತದೆ. ಹಸಿರು ಛಾಯೆಯದು ಕೆಂಪಿನ ಪಕ್ಕ ಮತ್ತಷ್ಟು ಹಸಿರಾಗಿ ಕಾಣುತ್ತದೆ. ಅಕ್ಕಪಕ್ಕದ ಬಣ್ಣಗಳು ಹೀಗೆ ಒಂದನ್ನೊಂದು ಬದಲಿಸುವುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲೇ ಪುಸ್ತಕವಾಗಿ ಬರೆದಿದ್ದರು. ನನ್ನ ಒಲವು ಹಳದಿ ಛಾಯೆಯ ಕಡೆಗೆ.

ಆದರೂ ನನ್ನ ಮಾತು ನಂಬಿ ಡಬ್ಬಿ ತರಬೇಡಿ. ಮೂರರದೂ ಚಿಕ್ಕ ಸ್ಯಾಂಪಲ್ ತಂದು, ಎರಡಡಿ ಅಗಲದ ರಟ್ಟುಗಳಿಗೆ ಬಿಳಿ ಪ್ರೈಮರ್ ಬಳಿದು, ಮೇಲೆ ಎರಡು ಕೋಟ್ ಹೊಡೆಸಿ. ಹಳೆ ಬಣ್ಣದ ಗೋಡೆಗೇ ಬಳಿದರೆ ಸುತ್ತಲಿನ ಬಣ್ಣ ದಾರಿ ತಪ್ಪಿಸುತ್ತದೆ. ಪೂರ್ತಿ ಒಣಗಿದ ಮೇಲೆ ರಟ್ಟುಗಳನ್ನು ಗೋಡೆಗೆ ಆನಿಸಿ, ನೆಲಕ್ಕೆ ತಾಗುವಂತೆಯೂ ಇಡಿ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಹಗಲಲ್ಲಿ ಒಂದೇ ಎನಿಸಿದವು ರಾತ್ರಿ ಬೇರೆಯಾಗುವುದುಂಟು. ಮನೆಮಂದಿ ಹಾಲ್‌ನಲ್ಲಿ ಸೇರುವುದು ಸಂಜೆಯೇ ಆದರೆ ಸಂಜೆ ಕಂಡದ್ದಕ್ಕೇ ಬೆಲೆ ಕೊಡಿ. ಟ್ಯೂಬ್ 6500 ಕೆಲ್ವಿನ್‌ನದಾದರೆ ಬೆಳಕು ನೀಲಿಗೆ ತಿರುಗಿ ಬೀಜ್ ಕಳೆಗುಂದುತ್ತದೆ. 3000 ಅಥವಾ 4000ದ್ದು ಹಾಕಿ ನೋಡಿ, ಬಣ್ಣ ಬದಲಿಸುವ ಯೋಚನೆಯೇ ಬಿಟ್ಟುಹೋದೀತು.

ಶೇಡಿನ ಹೆಸರು ಮರೆಮಾಡಿ, ರಟ್ಟಿನ ಹಿಂದೆ ನಂಬರ್ ಬರೆದು, ಮೂವರೂ ಬೇರೆಬೇರೆಯಾಗಿ ಆರಿಸಿ. ಒಮ್ಮತ ಬಾರದಿದ್ದರೆ ಅತ್ತೆಯವರ ಮಾತು ನಡೆಯಲಿ ಎನ್ನುತ್ತೇನೆ. ಹಗಲೆಲ್ಲ ಆ ಗೋಡೆಗಳ ನಡುವೆ ಕೂರುವವರು ಅವರೇ ಅಲ್ಲವೇ?

ಪೇಂಟರ್‌ಗೆ ಅಷ್ಟರಲ್ಲಿ ಪುಟ್ಟಿ, ಪ್ರೈಮರ್ ಕೆಲಸ ಹೇಳಿ. ಅದು ಒಣಗಲು ಹೇಗೂ ಸಮಯ ಬೇಕು. ಆರಿಸಿದ ಬಣ್ಣವನ್ನು ಹಾಲ್‌ಗೆ ಸಾಕಾಗುವಷ್ಟು ಒಂದೇ ಸಲ, ಒಂದೇ ಅಂಗಡಿಯಿಂದ ತನ್ನಿ. ಡಬ್ಬಿಗಳು ಹಲವಾದರೆ ದೊಡ್ಡ ಬಕೆಟ್‌ನಲ್ಲಿ ಒಟ್ಟು ಕಲಸಿಯೇ ಹೊಡೆಯಲು ಹೇಳಿ.