ಮೆದುಳಿನ ಗೆಡ್ಡೆ ಮರಳಿದಾಗ

ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ, ವಿಕಿರಣ, ಔಷಧಗಳ ನಂತರವೂ ಬಹುಮಟ್ಟಿಗೆ ಮರಳುತ್ತದೆ. ಆಗ 'ಇಮ್ಯುನೋಥೆರಪಿ' ಎಂಬ ಮಾತು ಕಿವಿಗೆ ಬೀಳುತ್ತದೆ. ಹೊಲ ಮಾರಿಯಾದರೂ ಕೊಡಿಸೋಣವೇ ಎಂದು ಮನೆಯವರು ಚಿಂತಿಸುತ್ತಾರೆ.

ದೇಹದ ರಕ್ಷಣಾ ಕಣಗಳು ಕ್ಯಾನ್ಸರ್ ಕಣಗಳನ್ನೂ ಕೊಲ್ಲಬಲ್ಲವು. ಆದರೆ ಗೆಡ್ಡೆಯು ಅವುಗಳಿಗೆ ಕಡಿವಾಣ ಹಾಕುತ್ತದೆ. ಆ ಕಡಿವಾಣ ಸಡಿಲಿಸುವ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರಲ್ಲಿ ನೊಬೆಲ್ ಪಡೆದರು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಇದರ ಫಲ ದೊಡ್ಡದು.

ಮೆದುಳಿನ ಕಥೆ ಬೇರೆ. ಗೆಡ್ಡೆ ಮರುಕಳಿಸಿದ 369 ರೋಗಿಗಳಲ್ಲಿ ನಿವೋಲುಮಾಬ್ ಔಷಧವನ್ನು ಬೆವಾಸಿಜುಮಾಬ್‌ಗೆ ಹೋಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಎರಡೂ ಗುಂಪುಗಳಲ್ಲಿ ಸುಮಾರು ಹತ್ತು ತಿಂಗಳೊಳಗೆ ಅರ್ಧದಷ್ಟು ಜನ ತೀರಿಕೊಂಡಿದ್ದರು. ಈ ಗೆಡ್ಡೆಯೊಳಗೆ ರಕ್ಷಣಾ ಕಣಗಳೇ ವಿರಳ. ಊತ ತಗ್ಗಿಸಲು ಕೊಡುವ ಸ್ಟೀರಾಯ್ಡ್ ಅವುಗಳನ್ನು ಇನ್ನಷ್ಟು ಕುಗ್ಗಿಸುತ್ತದೆ. 2024ರಲ್ಲಿ ಬಾಸ್ಟನ್ನಿನ ವೈದ್ಯರು ರೋಗಿಗಳದೇ ಟಿ ಕಣಗಳನ್ನು ಮಾರ್ಪಡಿಸಿ ಮೆದುಳಿನ ದ್ರವಕ್ಕೆ ಸೇರಿಸಿದ್ದನ್ನು ವರದಿ ಮಾಡಿದರು. ಮೂವರಲ್ಲೂ ಗೆಡ್ಡೆ ಕೆಲವೇ ದಿನಗಳಲ್ಲಿ ಕುಗ್ಗಿತು. ಇಬ್ಬರಲ್ಲಿ ಆ ಗುಣ ನಿಲ್ಲಲಿಲ್ಲ. (ದೊಡ್ಡ ಅಕ್ಷರದ ಸುದ್ದಿಗಳಲ್ಲಿ ಈ ಕೊನೆಯ ವಾಕ್ಯವನ್ನು ಹುಡುಕಬೇಕಾಗುತ್ತದೆ.)

ಹಾಗಾದರೆ ಕರ್ತವ್ಯವೇನು? ದಯಾಮರಣ ಕುರಿತ ಧರ್ಮಸಭೆಯ 1980ರ ಘೋಷಣೆ ಇಲ್ಲಿ ಸ್ಪಷ್ಟವಾಗಿದೆ. ಬೇರೆ ಮದ್ದು ಸಾಲದಿದ್ದರೆ ರೋಗಿಯ ಒಪ್ಪಿಗೆಯಿಂದ ಪ್ರಯೋಗದ ಹಂತದ ಚಿಕಿತ್ಸೆಯನ್ನೂ ಪಡೆಯಬಹುದು. ಬೇಡವೆನ್ನುವುದೂ ಆತ್ಮಹತ್ಯೆಯಲ್ಲ, ಕುಟುಂಬದ ಮೇಲೆ ವಿಪರೀತ ಖರ್ಚು ಹೊರಿಸಲು ಮನಸ್ಸಿಲ್ಲದಿರುವುದೂ ನ್ಯಾಯವಾದ ಕಾರಣವೇ. ಬಿಡುವಂತಿಲ್ಲದ್ದು ನೋವುಶಮನ ಮತ್ತು ಆರೈಕೆ.

ಇದು ಪ್ರಯೋಗವೋ, ಖರ್ಚು ಯಾರದು ಎಂದು ವೈದ್ಯರನ್ನು ಕೇಳಿ. ರೋಗಿಯನ್ನೂ ಕೇಳಿ, ಬೇಗ ಕೇಳಿ. ಈ ಗೆಡ್ಡೆ ಮಾತನ್ನೂ ಕಸಿಯಬಲ್ಲದು.