ಕಾಯಕದ ಕೈಗಳಿಗೆ ಕಾಳಜಿ: ಸಿ.ಎನ್.ಸಿ. ಯಂತ್ರ ನಡೆಸುವವರ ಚರ್ಮರಕ್ಷಣೆ

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಂದಿನಿಂದ ಈ ಭಾಗದ ಎಷ್ಟೋ ಮನೆಗಳು ಲೋಹದ ಕಾಯಕವನ್ನೇ ನಂಬಿ ಬಾಳಿವೆ. ಇಂದು ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಅನೇಕ ಯುವಕರು ಗಣಕನಿಯಂತ್ರಿತ ಯಂತ್ರಗಳನ್ನು, ಅಂದರೆ ಸಿ.ಎನ್.ಸಿ. ಯಂತ್ರಗಳನ್ನು ನಡೆಸುತ್ತಿದ್ದಾರೆ. ಲೋಹವನ್ನು ಕಡೆಯುವುದು ಯಂತ್ರವೇ ಆದರೂ ಬಿಡಿಭಾಗವನ್ನು ಕೂರಿಸುವುದು, ತೆಗೆಯುವುದು, ಅಳೆಯುವುದು ಮನುಷ್ಯನ ಕೈ. ಆ ಕೈ ದಿನವಿಡೀ ಕೂಲಂಟ್ ದ್ರವದಲ್ಲಿ ತೋಯುತ್ತಿರುತ್ತದೆ.

ಕೂಲಂಟ್ ಸಾಮಾನ್ಯವಾಗಿ ನೀರಿನಲ್ಲಿ ಬೆರೆಸಿದ ಎಣ್ಣೆ. ಅದು ಕೊಳೆಯದಂತೆ ರಾಸಾಯನಿಕಗಳನ್ನೂ ಸೇರಿಸಿರುತ್ತಾರೆ. ಚರ್ಮದ ಸಹಜಗುಣ ತುಸು ಆಮ್ಲೀಯ, ಕೂಲಂಟಿನದು ಕ್ಷಾರೀಯ. ಆದ್ದರಿಂದ ಅದು ಚರ್ಮವನ್ನು ಕಾಯುವ ಜಿಡ್ಡನ್ನು ಕರಗಿಸುತ್ತದೆ. ನೀರು ಆವಿಯಾದಂತೆ ದ್ರವ ಗಟ್ಟಿಯಾಗಿ ಬಾಧೆ ಹೆಚ್ಚುತ್ತದೆ. ಸೂಕ್ಷ್ಮ ಲೋಹಚೂರುಗಳು ಮಾಡಿದ ಗೀರುಗಳು ಅದಕ್ಕೆ ದಾರಿ ಮಾಡಿಕೊಡುತ್ತವೆ.

ಮೊದಲ ಲಕ್ಷಣಗಳು ಬೆರಳ ಸಂದುಗಳಲ್ಲಿ ಕಾಣುತ್ತವೆ: ಒಣಗುವಿಕೆ, ಕೆಂಪು, ತುರಿಕೆ, ಬಿರುಕು. ರಜೆಯಲ್ಲಿ ತಗ್ಗಿ, ಕೆಲಸಕ್ಕೆ ಮರಳಿದೊಡನೆ ಮರುಕಳಿಸಿದರೆ ಕಾರಣ ಕೆಲಸದಲ್ಲೇ ಇರುವ ಸಂಭವ ಹೆಚ್ಚು. ಈ ಹಂತದಲ್ಲಿ ಚಿಕಿತ್ಸೆ ಸುಲಭ. ಅಲಕ್ಷಿಸಿದರೆ ಕೆಲವರಲ್ಲಿ ಅಲರ್ಜಿ ನೆಲೆಯೂರುತ್ತದೆ. ಆಮೇಲೆ ಅದೇ ವಸ್ತುವಿನ ಅಲ್ಪ ಸೋಂಕಿಗೂ ಗುಳ್ಳೆಗಳೇಳುತ್ತವೆ. ಕಲಿತ ಕೆಲಸವನ್ನೇ ಬಿಡಬೇಕಾದೀತು.

ಪಾಲಿಸಬೇಕಾದ ಕ್ರಮಗಳು:

1. ಸೀಮೆಎಣ್ಣೆ, ಥಿನ್ನರ್‌ಗಳಿಂದ ಕೈ ತೊಳೆಯಬಾರದು. ಮೃದು ಸಾಬೂನು, ಹರಿಯುವ ನೀರು ಸಾಕು. ಒರೆಸಿಕೊಂಡ ಮೇಲೆ ವ್ಯಾಸಲೀನ್ ಸವರಬೇಕು.

2. ಯಂತ್ರ ಒರೆಸಿದ ಬಟ್ಟೆಯಿಂದ ಕೈ ಒರೆಸಬಾರದು; ಅದರಲ್ಲಿ ಲೋಹಚೂರುಗಳಿರುತ್ತವೆ.

3. ಕೂಲಂಟ್ ತುಂಬುವಾಗ, ತೊಟ್ಟಿ ಶುಚಿಗೊಳಿಸುವಾಗ ನೈಟ್ರೈಲ್ ಕೈಗವಸು ಧರಿಸಬೇಕು. ತಿರುಗುತ್ತಿರುವ ಭಾಗದ ಬಳಿ ಕೈಗವಸು, ಉಂಗುರ ಎರಡೂ ಅಪಾಯ. ಅವು ಸಿಲುಕಿ ಕೈಯನ್ನೇ ಎಳೆದುಕೊಳ್ಳುತ್ತವೆ.

4. ಒತ್ತಡದ ಗಾಳಿಯನ್ನು ಮೈಗೆ, ಬಟ್ಟೆಗೆ ಬಿಟ್ಟುಕೊಳ್ಳಬಾರದು.

5. ತೋಯ್ದ ಬಟ್ಟೆಯನ್ನು ಕೂಡಲೇ ಬದಲಿಸಬೇಕು. ಇಲ್ಲವಾದರೆ ತೊಡೆ, ಮುಂಗೈಗಳಲ್ಲಿ ಎಣ್ಣೆಮೊಡವೆಗಳೇಳುತ್ತವೆ.

ಖನಿಜ ಎಣ್ಣೆಯಿಂದಾಗುವ ಚರ್ಮರೋಗವನ್ನು 1948ರ ಕಾರ್ಖಾನೆಗಳ ಕಾಯ್ದೆ ವೃತ್ತಿರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದ್ದರಿಂದ ಮೇಲ್ವಿಚಾರಕರಿಗೆ ತಿಳಿಸಲು ಸಂಕೋಚ ಬೇಡ. ವೈದ್ಯರ ಬಳಿ ಹೋದಾಗ ತಾವು ಮಾಡುವ ಕೆಲಸವನ್ನೂ ಬಳಸುವ ಕೂಲಂಟಿನ ಹೆಸರನ್ನೂ ಹೇಳಬೇಕು. ಸಲಹೆಯಿಲ್ಲದೆ ಅಂಗಡಿಯಿಂದ ಮುಲಾಮು ತಂದು ಹಚ್ಚುವುದು ತರವಲ್ಲ.

ತಾಯಂದಿರೇ, ತಂದೆಯವರೇ, ಪಾಳಿ ಮುಗಿಸಿ ಬಂದ ಮಗ ಊಟಕ್ಕೆ ಕುಳಿತಾಗ ಒಮ್ಮೆ ಅವನ ಬೆರಳ ಸಂದುಗಳನ್ನು ನೋಡಿ. ಸಾರಿನ ಖಾರ ತಾಗಿ ಅವನು ಕೈ ಹಿಂತೆಗೆದರೆ, ಅಂದೇ ವೈದ್ಯರ ವಿಚಾರ ಮಾಡಿ.